ತಂಪು ನಮ್ಮ ಅಂಗಳದಲ್ಲೇ ಹುಟ್ಟಬೇಕು

ತಮ್ಮಾ, ಹೋಳಿಗೆ, ಬಿಡಿಸಿದ ಅವರೆಕಾಳು, ಕಾಯಿತುರಿ ಇಷ್ಟನ್ನೂ ಫ್ರೋಜನ್ ಮಾಡಿ ಹಡಗಿನಲ್ಲಿ ದುಬೈಗೂ ನ್ಯೂಜೆರ್ಸಿಗೂ ಕಳಿಸುವ ಯೋಚನೆ ನಿನ್ನದು ಅಂತ ನಿಮ್ಮಪ್ಪ ಹೇಳಿದ. ಹರಿಹರದ ಹತ್ತಿರ ಶೆಡ್ಡನ್ನೂ ನೋಡಿಟ್ಟಿದ್ದೀಯಂತೆ. ಜಗಳೂರು, ಹೊಸದುರ್ಗದ ಕಡೆಯ ದಾಳಿಂಬೆಯ ಮೇಲೂ ಕಣ್ಣಿದೆಯಂತೆ. ಒಳ್ಳೆಯದೇ. ಹತ್ತಿ ಗಿರಣಿಗಳ ಏಳುಬೀಳು ಎರಡನ್ನೂ ಕಂಡು, ಆಮೇಲೆ ಮೆಕ್ಕೆಜೋಳಕ್ಕೆ ತಿರುಗಿಕೊಂಡ ಊರು ನಮ್ಮ ದಾವಣಗೆರೆ. ವ್ಯಾಪಾರಕ್ಕೆ ಹೆದರುವವರು ಇಲ್ಲಿ ಕಡಿಮೆ. ಬೇಡ ಎನ್ನಲು ನಾನು ಬರೆಯುತ್ತಿಲ್ಲ. ಬಂದರಿನ ಕ್ಲಿಯರಿಂಗ್ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ಶೆಡ್ಡಿನ ಅಡ್ವಾನ್ಸ್ ಕೊಡುವ ಮೊದಲು ಈ ದೊಡ್ಡಪ್ಪ ಹೇಳುವುದನ್ನು ಒಂದಿಷ್ಟು ಕೇಳು.

ಎಲ್ಲರಿಗೂ ಸಮುದ್ರದ್ದೇ ಭಯ. ಅಲೆ, ಬಿರುಗಾಳಿ, ತಿಂಗಳುಗಟ್ಟಲೆ ಪ್ರಯಾಣ, ನಡುವೆ ಮಾಲು ಕೆಟ್ಟರೆ ಏನು ಗತಿ ಅಂತ. ನಾನು ಕಂಡಂತೆ ಹಡಗು ಹತ್ತಿದ ಮೇಲೆ ಮಾಲಿಗೆ ದೊಡ್ಡ ಅಪಾಯವಿಲ್ಲ. ಅಲ್ಲಿ ರೀಫರ್ ಕಂಟೇನರಿಗೆ 440 ವೋಲ್ಟಿನ ಪ್ಲಗ್ಗು ಸಿಕ್ಕಿಬಿಡುತ್ತದೆ. ಕರೆಂಟು ಹೋಗುವುದಿಲ್ಲ, ಉಷ್ಣಾಂಶ ನೋಡಿ ಬರೆದುಕೊಳ್ಳಲು ಜನ ಇರುತ್ತಾರೆ, ಈಗ ಅನೇಕ ಪೆಟ್ಟಿಗೆಗಳ ಉಷ್ಣಾಂಶವನ್ನು ದಡದಲ್ಲಿ ಕೂತೇ ನೋಡಬಹುದು. ಕೆಡುವುದೆಲ್ಲ ಅದಕ್ಕೂ ಮೊದಲು: ನಿನ್ನ ಶೆಡ್ಡಿನಲ್ಲಿ, ಲೋಡ್ ಮಾಡುವ ಆ ಎರಡು ಮೂರು ಗಂಟೆಯಲ್ಲಿ, ಹೈವೇಯ ಢಾಬಾದ ಎದುರು, ಬಂದರಿನ ಗೇಟಿನ ಸಾಲಿನಲ್ಲಿ. ಮೊದಲ ಎರಡು ಜಾಗ ಪೂರ್ತಿ ನಿನ್ನ ಕೈಯಲ್ಲಿವೆ. ನಾನು ಹೇಳುವುದೂ ಹೆಚ್ಚಾಗಿ ಅವೆರಡರ ಬಗ್ಗೆಯೇ.

ರೀಫರ್ ಎಂದರೆ ದೊಡ್ಡ ಫ್ರಿಜ್ಜು ಅಂದುಕೊಂಡವರೇ ಹೆಚ್ಚು. ಅದರ ಯಂತ್ರ ಇರುವುದು ಕೊಟ್ಟ ತಂಪನ್ನು ಕಾಯುವುದಕ್ಕೆ. ಬೆಚ್ಚಗಿನ ಮಾಲನ್ನು ತಣಿಸುವ ಕಸುವು ಅದಕ್ಕಿಲ್ಲ. ಹಸಿ ಮೆಕ್ಕೆಜೋಳ ತಂದು ಗೋದಾಮಿಗೆ ತುಂಬಿದರೆ ಅಲ್ಲಿ ಒಣಗುತ್ತದೆಯೇ? ಒಳಗೊಳಗೇ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಎಪಿಎಂಸಿಯ ಅಂಗಳದಲ್ಲಿ ಆಡಿ ಬೆಳೆದ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈನಸ್ 10ರಲ್ಲಿ ಲೋಡ್ ಆದ ಹೋಳಿಗೆ ಹಡಗಿನಲ್ಲಿ ತಾನಾಗಿ ಮೈನಸ್ 18ಕ್ಕೆ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಹೊರಗಿನ ಸಾಲಿನ ಡಬ್ಬಗಳು ಇಳಿದಾವು. ನಡುವಿನವು ವಾರಗಟ್ಟಲೆ ಹಾಗೇ ಕೂತಿರುತ್ತವೆ.

ಈ ಮೈನಸ್ 18 ಎಲ್ಲಿಂದ ಬಂತು ಅಂತ ಕೇಳಿದ್ದೆಯಲ್ಲ. ಫ್ಯಾರನ್‌ಹೀಟಿನ ಸೊನ್ನೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೈನಸ್ 18 ಡಿಗ್ರಿ. ಆ ಸೊನ್ನೆಯೇ ಜಗತ್ತಿನ ಕಟ್ಟಳೆಯಾಗಿ ಉಳಿದುಕೊಂಡಿದೆ. ಮೈನಸ್ 15 ಸಾಕು, ಇಂಧನವೂ ಉಳಿಯುತ್ತದೆ ಅಂತ 2023ರಿಂದ ಕೆಲವು ದೊಡ್ಡ ಸಾಗಣೆ ಕಂಪನಿಗಳು ಒತ್ತಾಯಿಸುತ್ತಿವೆ. ಅದರ ತೀರ್ಮಾನ ಅವರಿಗೆ ಬಿಟ್ಟಿದ್ದು. ನಿನ್ನ ಖರೀದಿದಾರನ ಕಾಗದದಲ್ಲಿ ಮೈನಸ್ 18 ಎಂದಿದ್ದರೆ ನಿನಗೆ ಅದೇ ಕಾನೂನು.

ಅಲ್ಲಿಗೆ ಇಳಿಸುವ ವೇಗವೂ ಮುಖ್ಯ. ಅಂಗಡಿಯ ಡೀಪ್ ಫ್ರೀಜರಿನಲ್ಲಿ ರಾತ್ರಿಯೆಲ್ಲ ಇಟ್ಟರೂ ಹೋಳಿಗೆ ಗಟ್ಟಿಯಾಗುತ್ತದೆ, ನಿಜ. ಆದರೆ ಮೈನಸ್ 1ರಿಂದ ಮೈನಸ್ 5ರ ನಡುವೆ ನೀರು ಹರಳುಗಟ್ಟುವ ಹೊತ್ತು ಎಷ್ಟು ಎಳೆದಾಡುತ್ತದೋ ಹರಳು ಅಷ್ಟು ದಪ್ಪವಾಗುತ್ತದೆ. ದಪ್ಪ ಹರಳು ಕಾಳಿನ ಜೀವಕೋಶವನ್ನು ಹರಿದುಹಾಕುತ್ತದೆ. ಕರಗಿದಾಗ ಹೂರಣ ನೀರು ಬಿಡುತ್ತದೆ, ಕಣಕ ಬಿರಿಯುತ್ತದೆ. ಅದಕ್ಕೇ ಬ್ಲಾಸ್ಟ್ ಫ್ರೀಜರ್ ಬೇಕು. ಮೈನಸ್ 35ರ ಸುಮಾರಿನ ಗಾಳಿಯನ್ನು ಜೋರಾಗಿ ಬೀಸಿ ಆ ಗಡಿಯನ್ನು ಬೇಗ ದಾಟಿಸುವ ಯಂತ್ರ ಅದು. ಅವರೆಕಾಳಿಗೆ ಇನ್ನೊಂದು ಹೆಜ್ಜೆ ಇದೆ. ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ತಕ್ಷಣ ತಣ್ಣೀರಿಗೆ ಹಾಕಬೇಕು. ಹಾಗೆ ಮಾಡದಿದ್ದರೆ ಕಾಳಿನೊಳಗಿನ ಕಿಣ್ವಗಳು ಮೈನಸ್ 18ರಲ್ಲೂ ಮೆಲ್ಲಗೆ ಕೆಲಸ ಮಾಡಿ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತವೆ.

ದೋಸೆ ಹಿಟ್ಟಿನ ಮಾತು ಎತ್ತಿದ್ದೆಯಂತೆ. ದಾವಣಗೆರೆ ಹೆಸರು ಹೇಳಿದ ಕೂಡಲೇ ಹೊರಗಿನವರು ಬೆಣ್ಣೆ ದೋಸೆ ಕೇಳುವುದು ಸಹಜ. ಆದರೂ ಅದನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸು. ತಂಪಿನಲ್ಲಿಟ್ಟ ಹಿಟ್ಟು ಸಾಯುವುದಿಲ್ಲ, ನಿಧಾನಕ್ಕೆ ಹುಳಿಯುತ್ತಲೇ ಇರುತ್ತದೆ. ವಾರ ಕಳೆದರೆ ಪ್ಯಾಕೆಟ್ಟು ಉಬ್ಬಿ ಕೂರುತ್ತದೆ. ಮೈನಸ್ 18ಕ್ಕೆ ಹಾಕಿದರೆ ಹುದುಗಿನ ಗಾಳಿ ಉಳಿಯದೆ, ಕರಗಿಸಿ ಹೊಯ್ದಾಗ ದೋಸೆ ಚಪ್ಪಟೆಯಾಗುತ್ತದೆ. ಅರ್ಧ ಬೇಯಿಸಿದ ದೋಸೆಯನ್ನು ಫ್ರೋಜನ್ ಮಾಡುವುದು ಸುಲಭದ ದಾರಿ. ಇನ್ನು ಬೆಣ್ಣೆ. ಯುರೋಪ್ ಒಕ್ಕೂಟ ನಮ್ಮ ದೇಶದ ಹಾಲಿನ ಪದಾರ್ಥಗಳಿಗೆ ಬಹಳ ಕಾಲದಿಂದ ಬಾಗಿಲು ಮುಚ್ಚಿಕೊಂಡಿದೆ. ಬೇರೆ ಅನೇಕ ದೇಶಗಳಿಗೆ ಬೆಣ್ಣೆ, ತುಪ್ಪ, ಪನೀರು ಕಳಿಸಬೇಕಾದರೆ ಎಕ್ಸ್‌ಪೋರ್ಟ್ ಇನ್‌ಸ್ಪೆಕ್ಷನ್ ಕೌನ್ಸಿಲ್ ಒಪ್ಪಿದ ಘಟಕದ್ದೇ ಆಗಿರಬೇಕು. ಹಳ್ಳಿಯಿಂದ ಬರುವ ಹಸುಬೆಣ್ಣೆಗೆ ಆ ಕಾಗದ ಎಲ್ಲಿಂದ ತರುತ್ತೀ? ಹಾಗಂತ ಬೆಣ್ಣೆಯಿಲ್ಲದ ಬೆಣ್ಣೆ ದೋಸೆ ಮಾರಿ ಊರಿನ ಹೆಸರು ಕೆಡಿಸುವ ಕೆಲಸವನ್ನಂತೂ ಮಾಡಬೇಡ.

ತಂಪು ಬೇಕಾಗಿಲ್ಲದ್ದಕ್ಕೆ ತಂಪಿನ ಬಾಡಿಗೆ ಕೊಡಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ನಮ್ಮ ಮಂಡಕ್ಕಿ ಇವೆಲ್ಲ ತೇವ ತಾಗದಂತೆ ಪ್ಯಾಕ್ ಮಾಡಿದರೆ ಸಾಮಾನ್ಯ ಕಂಟೇನರಿನಲ್ಲೇ ಹೋಗುತ್ತವೆ. ಕರ್ನಾಟಕದಿಂದ ಲೋಡುಗಟ್ಟಲೆ ಹೊರದೇಶಕ್ಕೆ ಹೋಗುವ ಗೆರ್ಕಿನ್ ಮಿಡಿಸೌತೆ ಉಪ್ಪುನೀರಿನ ಡ್ರಮ್ಮಿನಲ್ಲಿ ಕೂತು ಹೋಗುತ್ತದೆ, ಫ್ರೀಜರಿನ ಹಂಗಿಲ್ಲದೆ. 1990ರ ದಶಕದಿಂದ ಆ ವ್ಯಾಪಾರ ನಡೆಸಿದವರು ಜಾಣರು. ಯಂತ್ರಕ್ಕೆ ಹಣ ಸುರಿಯುವ ಮೊದಲು ಉಪ್ಪು, ಬಿಸಿಲು, ಎಣ್ಣೆಯಿಂದ ಆಗುವ ಕೆಲಸ ಯಾವುದು ಅಂತ ನೋಡಿಕೋ.

ದಾಳಿಂಬೆಯದು ಬೇರೆಯೇ ಲೆಕ್ಕ. ಅದು ಜೀವ ಇರುವ ಮಾಲು, ಕಿತ್ತ ಮೇಲೂ ಉಸಿರಾಡುತ್ತದೆ, ಕಾವು ಬಿಡುತ್ತದೆ. ಮೈನಸ್ ಸೋಕಿದರೆ ಸತ್ತಂತೆ. 5ರಿಂದ 7 ಡಿಗ್ರಿಯ ಸುಮಾರು, ಗಾಳಿಯಲ್ಲಿ ತೇವ ಶೇ. 90ರ ಮೇಲೆ ಇರಬೇಕು, ಹಳಸಿದ ಗಾಳಿ ಹೋಗಿ ಹೊಸದು ಬರುವಷ್ಟು ಕಂಟೇನರಿನ ವೆಂಟ್ ತೆರೆದಿರಬೇಕು. ಫ್ರೋಜನ್ ಮಾಲಿಗೆ ಅದೇ ವೆಂಟ್ ಪೂರ್ತಿ ಮುಚ್ಚಿರಬೇಕು. ನಮ್ಮ ದೇಶದ ದಾಳಿಂಬೆ ಹಿಂದೆ ಅಮೆರಿಕಕ್ಕೆ ವಿಮಾನದಲ್ಲಿ ಹೋಗುತ್ತಿತ್ತು. ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಅಪೆಡಾದವರು ಭಗ್ವಾ ತಳಿಯನ್ನು ಪರೀಕ್ಷೆಗೆಂದು ಹಡಗಿನಲ್ಲಿ ಕಳಿಸಿ ನೋಡಿದರು. 2025ರ ಆರಂಭದಲ್ಲಿ ಸುಮಾರು 4,600 ಡಬ್ಬ, 14 ಟನ್ನಿನಷ್ಟು ಹಣ್ಣು, ಐದು ವಾರದೊಳಗೆ ಸಮುದ್ರ ದಾಟಿ ನ್ಯೂಯಾರ್ಕಿಗೆ ಒಳ್ಳೆಯ ಸ್ಥಿತಿಯಲ್ಲಿ ತಲುಪಿತು. ನಮ್ಮ ಕಡೆ ಬೆಳೆಯುವುದೂ ಹೆಚ್ಚಾಗಿ ಅದೇ ಭಗ್ವಾ. ಇದನ್ನು ಓದಿದ ಕೂಡಲೇ ತೋಟಕ್ಕೆ ಓಡಬೇಡ. ಅಮೆರಿಕಕ್ಕೆ ಹೋಗುವ ಹಣ್ಣಿಗೆ ವಿಕಿರಣದ ಸಂಸ್ಕಾರ ಆಗಬೇಕು, ತೋಟದ ನೋಂದಣಿ ಆಗಬೇಕು, ಔಷಧಿ ಸಿಂಪಡಿಸಿದ ದಿನದ ಲೆಕ್ಕ ಬೇಕು. ಎಲ್ಲಕ್ಕಿಂತ ಮೊದಲು, ಕಿತ್ತ ಹಣ್ಣಿನ ಬಿಸಿಲಕಾವನ್ನು ಅದೇ ದಿನ ಇಳಿಸುವ ಪ್ರೀಕೂಲಿಂಗ್ ಕೋಣೆ ತೋಟದ ಹತ್ತಿರವೇ ಇರಬೇಕು. ಏಪ್ರಿಲ್ ತಿಂಗಳ ಜಗಳೂರಿನ ಬಿಸಿಲನ್ನು ನಾನು ನಿನಗೆ ವರ್ಣಿಸಬೇಕೆ?

ನನ್ನ ಕೇಳಿದರೆ, ಮೊದಲ ಎರಡು ವರ್ಷ ಫ್ರೋಜನ್ ಒಂದನ್ನೇ ಹಿಡಿ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗುವ ಹೆಚ್ಚಿನ ಹಡಗುಗಳು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದಾಗ ಪ್ರಯಾಣ ಹತ್ತರಿಂದ ಹದಿನಾಲ್ಕು ದಿನ ಉದ್ದವಾಯಿತು. ಫ್ರೋಜನ್ ಮಾಲಿನವರಿಗೆ ಬಾಡಿಗೆ ಏರಿತು ಅಷ್ಟೇ. ತಾಜಾ ಹಣ್ಣಿನವರಿಗೆ ಹಣ್ಣೇ ಹೋಯಿತು.

ಇನ್ನು ಕರೆಂಟು. ಶೆಡ್ಡು ನೋಡಲು ಹೋದವನು ಬೆಸ್ಕಾಂ ಲೈನು ಯಾವ ಫೀಡರಿನದು, ಬೇಸಿಗೆಯಲ್ಲಿ ಎಷ್ಟು ಹೊತ್ತು ಹೋಗುತ್ತದೆ ಅಂತ ಪಕ್ಕದ ಶೆಡ್ಡಿನ ವಾಚ್‌ಮನ್ನನ್ನು ಕೇಳಿದೆಯೋ ಇಲ್ಲವೋ? ಆಫೀಸಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಜನರೇಟರು ಒಂದಿದ್ದರೆ ಸಾಲದು. ತಾನಾಗಿ ಚಾಲೂ ಆಗುವಂತಿರಬೇಕು, ವಾರಕ್ಕೊಮ್ಮೆ ಓಡಿಸಿ ನೋಡುತ್ತಿರಬೇಕು. ಸರ್ಕಾರದ ನೆರವೂ ಇದೆ: ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಯೋಜನೆಯ ಶೇ. 35ರ ಸಹಾಯಧನ, ಕೃಷಿ ಮೂಲಸೌಕರ್ಯ ನಿಧಿಯ ಶೇ. 3ರ ಬಡ್ಡಿ ರಿಯಾಯಿತಿ. ಅವು ಈಗಲೂ ಜಾರಿಯಲ್ಲಿದ್ದು ಬ್ಯಾಂಕಿನವರು ಒಪ್ಪಿದರೆ ಸಿಗುತ್ತದೆ. ಸಬ್ಸಿಡಿ ಬರುವ ದಿನವನ್ನು ಮಾತ್ರ ಲೆಕ್ಕದಲ್ಲಿ ಹಿಡಿಯಬೇಡ.

ಈಗ ಲೋಡಿಂಗು. ಇಲ್ಲಿ ನೀನೇ ನಿಲ್ಲಬೇಕು, ಮ್ಯಾನೇಜರನ್ನು ನಿಲ್ಲಿಸಿದರೆ ಆಗದು. ಖಾಲಿ ಕಂಟೇನರು ಬಂದ ಕೂಡಲೇ ಒಳಗೆ ಹೋಗಿ ಹೊರಗಿನಿಂದ ಬಾಗಿಲು ಹಾಕಿಸು. ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಪೆಟ್ಟಿಗೆ ತೂತಾಗಿದೆ ಎಂದರ್ಥ. ಮೂಗಿಗೂ ಕೆಲಸ ಕೊಡು. ಹಿಂದಿನ ಟ್ರಿಪ್ಪಿನಲ್ಲಿ ಮೀನು ಹೋಗಿದ್ದರೆ ನಿನ್ನ ಹೋಳಿಗೆ ಅದೇ ವಾಸನೆ ಹೊತ್ತು ಹೋಗುತ್ತದೆ. ಯಂತ್ರವನ್ನು ಪರೀಕ್ಷಿಸಿದ ಪಿಟಿಐ ಚೀಟಿ ಹೊಸದಾಗಿರಬೇಕು. ನೆಲದಲ್ಲಿ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ. ತಣ್ಣನೆಯ ಗಾಳಿ ಆ ಪಟ್ಟಿಗಳ ನಡುವೆ ಹರಿದು, ಮಾಲಿನ ಸುತ್ತ ಮೇಲೇರಿ, ಛಾವಣಿಯ ಕೆಳಗಿನಿಂದ ಯಂತ್ರಕ್ಕೆ ಮರಳುತ್ತದೆ. ಆ ಹಾದಿಯನ್ನು ಅಡ್ಡಗಟ್ಟುವುದೇ ಹೆಚ್ಚಿನವರು ಮಾಡುವ ಕೆಲಸ. ಗೋಡೆಯ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ, ಒಂದು ಡಬ್ಬವೂ ಅದನ್ನು ದಾಟಬಾರದು. ಬಾಡಿಗೆ ಕೊಟ್ಟಿದ್ದೇವೆ, ಇನ್ನೊಂದು ಸಾಲು ಹಿಡಿಯುತ್ತದೆ ಬಿಡಿ ಸಾರ್ ಅಂತ ಹೇಳುವವರು ಇರುತ್ತಾರೆ. ಕೇಳಬೇಡ. ಬಾಗಿಲ ಹತ್ತಿರ ನೆಲ ಖಾಲಿ ಬಿದ್ದಿದ್ದರೆ ಗಾಳಿ ಅಲ್ಲೇ ಮೇಲೇರಿ ವಾಪಸ್ಸು ಓಡುತ್ತದೆ. ಆ ಜಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿಸು.

ಬಾಗಿಲು ತೆರೆದಾಗ ಯಂತ್ರ ನಿಂತಿರಲಿ. ಓಡುತ್ತಿದ್ದರೆ ಹೊರಗಿನ ಸೆಕೆಯನ್ನೆಲ್ಲ ಒಳಗೆಳೆದು ಕಾಯಿಲ್ ಮೇಲೆ ಮಂಜು ಕಟ್ಟಿಕೊಳ್ಳುತ್ತದೆ. ಲೋಡಿಂಗು ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗಿ ಬಿಸಿಲು ಏರುವ ಮೊದಲು ಮುಗಿಯಬೇಕು. ಆ ಹೊತ್ತಿಗೆ ಹಮಾಲರು ಬರಬೇಕೆಂದರೆ ಹಿಂದಿನ ರಾತ್ರಿಯೇ ಮಾತಾಡಿ, ಚಹಾ ಮಿರ್ಚಿ ಮಂಡಕ್ಕಿಗೆ ವ್ಯವಸ್ಥೆ ಮಾಡಿ, ಕೂಲಿಯ ಮೇಲೆ ಸ್ವಲ್ಪ ಹೆಚ್ಚಿಗೆ ಕೊಡು. ಕೈಗವಸು, ಸ್ವೆಟರು ಕೊಡದೆ ಮೈನಸ್ 18ರ ಕೋಣೆಯಲ್ಲಿ ಯಾರನ್ನೂ ದುಡಿಸಬೇಡ. ಚಳಿ ತಡೆಯದೆ ಅವರು ಬಾಗಿಲು ತೆರೆದಿಟ್ಟೇ ಓಡಾಡುತ್ತಾರೆ. ಕೆಡುವುದು ನಿನ್ನದೇ ಮಾಲು. ಪ್ರತಿ ಹತ್ತು ಹದಿನೈದು ಡಬ್ಬಕ್ಕೊಂದನ್ನು ತೆಗೆದು ಸೂಜಿಯಂಥ ಥರ್ಮಾಮೀಟರು ಚುಚ್ಚಿ ನೋಡು. ಡಬ್ಬದ ಮೇಲ್ಮೈ ಏನು ಹೇಳಿದರೂ ನಂಬಬೇಡ, ಒಳಗಿನದು ಬೇಕು. ಬರೆದುಕೋ, ಫೋಟೊ ತೆಗೆ, ಸೀಲಿನ ನಂಬರಿನ ಫೋಟೊವನ್ನೂ ತೆಗೆ. ಮಾಲಿನ ನಡುವೆ ಒಂದು, ಬಾಗಿಲ ಹತ್ತಿರ ಒಂದು ಡೇಟಾ ಲಾಗರ್ ಇಡು. ನಾಳೆ ಜಗಳ ಬಂದರೆ ಸಾಕ್ಷಿ ಹೇಳುವುದು ಅದೇ.

ದಾರಿಯ ವಿಷಯದಲ್ಲಿ ನಮ್ಮ ಊರು ಅದೃಷ್ಟದ್ದು. ದಾವಣಗೆರೆ, ಹರಿಹರ ಎರಡೂ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಅದೇ ರಸ್ತೆಯಲ್ಲಿ ಒಂದು ಕಡೆ ಬೆಂಗಳೂರು ಹಾದು ಚೆನ್ನೈ, ಇನ್ನೊಂದು ಕಡೆ ಹುಬ್ಬಳ್ಳಿ, ಬೆಳಗಾವಿ, ಪುಣೆ ಹಾದು ಮುಂಬೈ ಕಡೆಯ ನ್ಹಾವಾ ಶೇವಾ. ಚೆನ್ನೈ 600 ಕಿಲೋಮೀಟರಿನ ಮೇಲೆ, ನ್ಹಾವಾ ಶೇವಾ ಸುಮಾರು 700. ನಕ್ಷೆಯಲ್ಲಿ ನೋಡಿದರೆ ಮಂಗಳೂರಿನ ಪಣಂಬೂರು ಎರಡಕ್ಕಿಂತ ಹತ್ತಿರ. ಆದರೆ ನಡುವೆ ಘಟ್ಟವಿದೆ. ಆಗುಂಬೆಯಲ್ಲಿ ಭಾರಿ ಗಾಡಿಗಳನ್ನು ಬಿಡುವುದಿಲ್ಲ, ಶಿರಾಡಿಯಲ್ಲಿ ಮಳೆಗಾಲಕ್ಕೆ ಗುಡ್ಡ ಜರುಗುತ್ತದೆ. ದೂರದ ದೇಶಕ್ಕೆ ಹೋಗುವ ಮಾಲು ಅಲ್ಲಿಂದ ಅನೇಕ ಸಲ ಫೀಡರ್ ಹಡಗಿನಲ್ಲಿ ಕೊಲಂಬೊಗೆ ಹೋಗಿ ದೊಡ್ಡ ಹಡಗಿಗೆ ಬದಲಾಗುತ್ತದೆ. ಒಂದು ಸಲ ಇಳಿಸಿ ಹತ್ತಿಸುವುದೆಂದರೆ ಒಂದು ಸಲ ಪ್ಲಗ್ಗು ಕಿತ್ತು ಹಾಕುವುದು. ನಾನಾದರೆ ದುಬೈಗೆ ನ್ಹಾವಾ ಶೇವಾ ಆರಿಸಿಕೊಳ್ಳುತ್ತೇನೆ, ಹಡಗು ಹೊರಟರೆ ವಾರದೊಳಗೆ ಜೆಬೆಲ್ ಅಲಿ.

ರಸ್ತೆಯ ಮೇಲೆ ಕಂಟೇನರಿನ ಯಂತ್ರ ಓಡುವುದು ಡೀಸೆಲ್ ಜೆನ್‌ಸೆಟ್ಟಿನಿಂದ. ಡೀಸೆಲ್ ಉಳಿಸಲು ಊಟದ ಹೊತ್ತಿಗೆ ಅದನ್ನು ಬಂದ್ ಮಾಡುವ ಚಾಲಕರಿದ್ದಾರೆ. ಲಾಗರ್ ಇಟ್ಟಿದೆ, ಪ್ರತಿ ನಿಮಿಷವೂ ಬರೆದುಕೊಳ್ಳುತ್ತದೆ ಅಂತ ಹೊರಡುವ ಮೊದಲೇ ನಗುತ್ತಾ ಹೇಳಿಬಿಡು. ಡೀಸೆಲ್ಲಿನ ದುಡ್ಡನ್ನು ಬಾಡಿಗೆಯಲ್ಲಿ ಸೇರಿಸದೆ ಬೇರೆಯಾಗಿ ಕೊಡು. ಅವನಿಗೆ ನಿದ್ದೆಗೂ ಹೊತ್ತು ಸಿಗುವಂತೆ ದಿನ ಲೆಕ್ಕ ಹಾಕು. ಬಂದರಿನ ಗೇಟಿನ ಮುಂದೆ ಗಂಟೆಗಟ್ಟಲೆ ಸಾಲು ನಿಲ್ಲುವುದಿದೆ, ಟ್ಯಾಂಕು ತುಂಬಿರಲಿ.

ಚೆನ್ನೈ ಎಂದಾಗ ನೆನಪಾಯಿತು. ಮರೀನಾ ಎದುರು ವಿವೇಕಾನಂದರು ತಂಗಿದ್ದ ಐಸ್ ಹೌಸ್ ಕಟ್ಟಡ ಇದೆಯಲ್ಲ, ಅದನ್ನು ಕಟ್ಟಿದ್ದು ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ದಾಸ್ತಾನು ಮಾಡಲು. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಮಂಜು ಹೊತ್ತು ನಾಲ್ಕು ತಿಂಗಳಿಗೆ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಕರಗಿರಲಿಲ್ಲ. ಯಂತ್ರ ಇಲ್ಲ, ಕರೆಂಟು ಇಲ್ಲ, ದಾರಿಯಲ್ಲಿ ಎರಡು ಸಲ ಭೂಮಧ್ಯರೇಖೆ ದಾಟಬೇಕು. ಹೊರಡುವ ಮೊದಲು ಗಾಳಿಯಾಡದಂತೆ ಒತ್ತೊತ್ತಾಗಿ ಕೂಡಿಸಿ, ಮರದ ಹೊಟ್ಟು ಮುಂತಾದ್ದರಿಂದ ಮುಚ್ಚಿದ್ದರು. ಅಷ್ಟೇ ಅವರ ವಿದ್ಯೆ.

ಕಾಗದಪತ್ರದ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಆಮದು-ರಫ್ತಿನ ಐಇಸಿ ಸಂಖ್ಯೆ, ಅಪೆಡಾ ನೋಂದಣಿ, ಎಫ್‌ಎಸ್‌ಎಸ್‌ಎಐ ಕೇಂದ್ರ ಪರವಾನಗಿ ಇವನ್ನೆಲ್ಲ ನಿನ್ನ ಕ್ಲಿಯರಿಂಗ್ ಏಜೆಂಟು ಮಾಡಿಸಿಕೊಡುತ್ತಾನೆ. ಅಮೆರಿಕಕ್ಕಾದರೆ ಎಫ್‌ಡಿಎ ನೋಂದಣಿ ಬೇಕು. ಸಮಸಂಖ್ಯೆಯ ವರ್ಷಗಳ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಅದನ್ನು ನವೀಕರಿಸಬೇಕು, ಅನೇಕರು ಮರೆಯುತ್ತಾರೆ. ಅಲ್ಲಿ 2023ರ ಜನವರಿಯಿಂದ ಎಳ್ಳು ಕೂಡ ಅಲರ್ಜಿ ಪಟ್ಟಿಗೆ ಸೇರಿದೆ. ನಿನ್ನ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆಯ ಲೇಬಲ್ಲಿನಲ್ಲಿ ಆಯಾ ಹೋಳಿಗೆಗೆ ತಕ್ಕಂತೆ ಶೇಂಗಾ ಅಥವಾ ಎಳ್ಳು, ಗೋಧಿ, ತುಪ್ಪ ಸೋಕಿದ್ದರೆ ಹಾಲು ಅಂತ ಎದ್ದು ಕಾಣುವಂತೆ ಬರೆಸು. ಒಂದೇ ಕಲ್ಲಿನಲ್ಲಿ ಎರಡನ್ನೂ ಅರೆಯುವುದಾದರೆ ಶೇಂಗಾ, ಎಳ್ಳು ಎರಡರ ಹೆಸರನ್ನೂ ಎರಡೂ ಲೇಬಲ್ಲಿನಲ್ಲಿ ಬರೆಸು.

ಏಜೆಂಟಿಗೆ ಬಿಡಬಾರದ ಒಂದು ಕೆಲಸ ಇದೆ. ಬುಕಿಂಗ್ ಕಾಗದದಲ್ಲಿ ಉಷ್ಣಾಂಶದ ಮುಂದೆ ಮೈನಸ್ ಗುರುತು ಇದೆಯೇ, ಸೆಲ್ಸಿಯಸ್ ಎಂದು ಬರೆದಿದೆಯೇ, ವೆಂಟ್ ಮುಚ್ಚಿರಬೇಕು ಎಂದಿದೆಯೇ ಅಂತ ನೀನೇ ಓದು. ಆ ಸಣ್ಣ ಅಡ್ಡಗೆರೆ ಬಿಟ್ಟುಹೋಗಿ, ಮೈನಸ್ 18 ಆಗಬೇಕಾದದ್ದು ಪ್ಲಸ್ 18 ಆಗಿ ಹೋದ ಕಂಟೇನರುಗಳು ಈ ವ್ಯವಹಾರದಲ್ಲಿ ಅಪರೂಪವೇನಲ್ಲ. ಯಂತ್ರ ಹೇಳಿದ್ದನ್ನು ಪಾಲಿಸುತ್ತದೆ. ವಿಮೆಯೂ ಹಾಗೇ, ಬರೆದದ್ದನ್ನಷ್ಟೇ ಕೊಡುತ್ತದೆ. ಕೆಲವು ಪಾಲಿಸಿಗಳಲ್ಲಿ ಯಂತ್ರ ಸತತ 24 ಗಂಟೆ ನಿಂತಿದ್ದರೆ ಮಾತ್ರ ಪರಿಹಾರ. ಹತ್ತು ಗಂಟೆ ನಿಂತು ನಿನ್ನ ಹೂರಣ ಕರಗಿದರೆ ಕೈಗೆ ಏನೂ ಬಾರದು. ಸಹಿ ಹಾಕುವ ಮೊದಲು ಆ ಕಲಮನ್ನು ಬೆರಳಿಟ್ಟು ತೋರಿಸಲು ಹೇಳು.

ದುಡ್ಡಿನ ವಿಷಯ. ನ್ಯೂಜೆರ್ಸಿಯ ಪಾರ್ಟಿ ನಿನ್ನ ಗೆಳೆಯನ ಷಡ್ಡಕನಂತೆ. ಇರಲಿ. ಅರ್ಧ ಹಣ ಮೊದಲು, ಉಳಿದದ್ದು ಬಿಲ್ ಆಫ್ ಲೇಡಿಂಗ್ ಬ್ಯಾಂಕಿಗೆ ಬಂದ ಮೇಲೆ, ಕಾಗದ ಬಿಡಿಸಿಕೊಳ್ಳುವಾಗ. ಒಣ ಮಾಲನ್ನು ಅವನು ಬಿಡಿಸಿಕೊಳ್ಳದಿದ್ದರೆ ಬೇರೆಯವರಿಗೆ ಮಾರಬಹುದು. ಫ್ರೋಜನ್ ಕಂಟೇನರಿಗೆ ಬಂದರಿನಲ್ಲಿ ನಿಂತ ಪ್ರತಿ ದಿನವೂ ಡೆಮರೇಜಿನ ಜೊತೆಗೆ ಪ್ಲಗ್ಗಿನ ಬಾಡಿಗೆ ಏರುತ್ತದೆ. ದಿನ ಕಳೆದಂತೆ ನಿನ್ನ ಲಾಭವನ್ನೆಲ್ಲ ಆ ಬಾಡಿಗೆಯೇ ನುಂಗುತ್ತದೆ. ಖರೀದಿದಾರ ಹಣ ಕೊಡದಿದ್ದರೆ ನೆರವಾಗುವ ಸರ್ಕಾರದ ಇಸಿಜಿಸಿ ಪಾಲಿಸಿಯನ್ನೂ ಒಮ್ಮೆ ವಿಚಾರಿಸು. ಪರಿಚಯದವರ ಮುಂದೆ ಇಷ್ಟು ಕಟ್ಟುನಿಟ್ಟು ಮಾಡಲು ನಾಚಿಕೆಯಾದರೆ ನನ್ನ ಹೆಸರು ಹೇಳು, ದೊಡ್ಡಪ್ಪ ಒಪ್ಪುವುದಿಲ್ಲ ಅಂತ.

ಇನ್ನು ಲೆಕ್ಕ. 40 ಅಡಿಯ ರೀಫರಿನೊಳಗೆ ಸುಮಾರು 67 ಘನ ಮೀಟರು ಜಾಗ. ನಿನ್ನ ಡಬ್ಬ 40 ಸೆಂಟಿಮೀಟರು ಉದ್ದ, 25 ಅಗಲ, 20 ಎತ್ತರ ಅಂದುಕೋ. ಕೆಂಪು ಗೆರೆಯೊಳಗೆ ಮೂರು ಸಾವಿರದ ಹತ್ತಿರ ಹಿಡಿಯುತ್ತವೆ. ಡಬ್ಬಕ್ಕೆ 20 ಪ್ಯಾಕೆಟ್ ಎಂದರೂ 60,000 ಪ್ಯಾಕೆಟ್ ಹೋಳಿಗೆ. ಮೊದಲ ವರ್ಷವೇ ಅಷ್ಟು ತಿನ್ನುವ ಕನ್ನಡಿಗರು ನಿನ್ನ ಪಾರ್ಟಿಯ ಅಂಗಡಿಗೆ ಬರುತ್ತಾರೆಯೇ? ಬರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಬೇರೆಯವರ ಫ್ರೋಜನ್ ಮಾಲಿನ ಜೊತೆ ಒಂದೇ ಕಂಟೇನರಿನಲ್ಲಿ ಜಾಗ ಹಂಚಿಕೊಂಡು ದುಬೈಗೆ ಕಳಿಸುವುದರಿಂದ ಶುರು ಮಾಡು. ಮುಂಬೈ ಕಡೆ ಅಂಥ ಜಾಗ ಕೊಡುವವರಿದ್ದಾರೆ. ಇಲ್ಲಿಂದ ಅವರ ಕೋಲ್ಡ್ ಸ್ಟೋರೇಜಿನವರೆಗೆ ರೀಫರ್ ಲಾರಿಯಲ್ಲಿ ಹೋಗಲಿ. ಅಲ್ಲಿ ಇಳಿಸುವಾಗ ನೀನೂ ಹೋಗಿ ಥರ್ಮಾಮೀಟರು ಚುಚ್ಚಿ ನೋಡು. ಬ್ಲಾಸ್ಟ್ ಫ್ರೀಜರನ್ನು ಕೊಳ್ಳುವ ಮೊದಲು ಬಾಡಿಗೆಗೆ ಸಿಗುವ ಕಡೆ ಒಂದೆರಡು ಲೋಡ್ ಮಾಡಿಸಿ ನೋಡು. ಆಗ ಶೆಡ್ಡು ಎಷ್ಟು ದೊಡ್ಡದಿರಬೇಕು ಅಂತ ನಿನಗೇ ತಿಳಿಯುತ್ತದೆ.

ಹೋಳಿಗೆಗೆ ಗಿರಾಕಿ ಹೆಚ್ಚುವುದು ಯುಗಾದಿಗೆ. ಅಲ್ಲಿಂದ ಹಿಂದಕ್ಕೆ ಎಣಿಸು. ಅಂಗಡಿಗೆ ಹಬ್ಬಕ್ಕೆ ಎರಡು ವಾರ ಮೊದಲು ಮಾಲು ಬೇಕು. ಅಲ್ಲಿಯ ಬಂದರು, ತಪಾಸಣೆ, ಗೋದಾಮು ಇದಕ್ಕೆಲ್ಲ ಒಂದು ವಾರ ಇಟ್ಟುಕೋ. ಅಮೆರಿಕಕ್ಕೆ ಹಡಗಿನ ಮೇಲೆ ಐದಾರು ವಾರ. ಇಲ್ಲಿ ಬುಕಿಂಗು, ಗೇಟು, ಕಸ್ಟಮ್ಸ್ ಸೇರಿ ಇನ್ನೊಂದು ವಾರ. ಯುಗಾದಿ ಮಾರ್ಚ್ ಕೊನೆಯಲ್ಲಿ ಬಿದ್ದರೆ ಸಂಕ್ರಾಂತಿಯ ಆಸುಪಾಸಿಗೇ ನಿನ್ನ ಕಂಟೇನರಿನ ಬಾಗಿಲಿಗೆ ಸೀಲು ಬೀಳಬೇಕು. ಅಂದರೆ ಕಡಲೆಬೇಳೆ, ಬೆಲ್ಲದ ಮಾತುಕತೆ ದೀಪಾವಳಿ ಕಳೆದ ಕೂಡಲೇ ಆಗಬೇಕು. ಈ ವರ್ಷದ ದೀಪಾವಳಿಗೆ ಹರಿಹರಕ್ಕೆ ಬರುತ್ತೀಯಲ್ಲ, ಬರುವಾಗ ಪಾರ್ಟಿಯ ಕರಾರು ಪತ್ರ, ವಿಮೆಯವರು ಕೊಟ್ಟ ಕರಡು ಎರಡನ್ನೂ ತಾ. ಕೂತು ಓದೋಣ.